ಲೂಪರ್ ಕೈಕೊಟ್ಟಾಗ: ದೋಷವನ್ನು ಕಿವಿಯಿಂದ ಹಿಡಿಯುವುದು

ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಕೇಳಿಸುವ ಪೆಟ್ಟಿಗೆಯೇ ಲೂಪರ್. ನಾನು ಕಟ್ಟಿದ, ಮನೆಯಲ್ಲಿ ಒಂದೂವರೆ ತಿಂಗಳು ಚೆನ್ನಾಗಿ ಓಡಿದ ಲೂಪರ್ ವೇದಿಕೆಯ ಮೇಲೆ ಉಸಿರೇ ಎತ್ತಲಿಲ್ಲ. ರೆಕಾರ್ಡ್ ದೀಪ ಹತ್ತಲಿಲ್ಲ. ಕೊಳಲಿನ ದನಿಯೂ ಅದನ್ನು ದಾಟಿ ಸ್ಪೀಕರ್‌ಗೆ ಬರಲಿಲ್ಲ. ಅಡಾಪ್ಟರ್ ಬದಲಿಸಿದೆ, ಕೇಬಲ್ ಬದಲಿಸಿದೆ, ರೀಸೆಟ್ ಒತ್ತಿದೆ. ಆ ಸಂಜೆ ಲೂಪ್ ಇಲ್ಲದೆ ಬರೀ ಕೊಳಲು ನುಡಿಸಿ ಬಂದೆ. ರಾತ್ರಿ ಮನೆಗೆ ಬಂದು ಲ್ಯಾಪ್‌ಟಾಪ್‌ಗೆ ಚುಚ್ಚಿ, ಬೋರ್ಡ್ ಕಳಿಸುವ ಸಂದೇಶಗಳನ್ನು ತೋರಿಸುವ ಸೀರಿಯಲ್ ಕಿಟಕಿ ತೆರೆದೆ. ತಕ್ಷಣ ಎದ್ದು ಕೂತಿತು.

ಕಾರಣ ನಾನು ಬರೆದ ಒಂದೇ ಸಾಲು. ನಾನು ಬಳಸುವುದು ಡೈಸಿ ಸೀಡ್ ಬೋರ್ಡ್. ಬೆರಳುದ್ದದ ಹಲಗೆ, 480 ಮೆಗಾಹರ್ಟ್ಸ್‌ವರೆಗೆ ಓಡುವ ಚಿಪ್, 64 ಎಂಬಿ ಮೆಮೊರಿ. ಅದರಲ್ಲಿ ದೋಷ ಹುಡುಕುವಾಗ ಕಂಪ್ಯೂಟರಿಗೆ ಸಂದೇಶ ಕಳಿಸಲು ಸ್ಟಾರ್ಟ್‌ಲಾಗ್ ಎಂಬ ಫಂಕ್ಷನ್ ಇದೆ. ಅದಕ್ಕೆ ಟ್ರೂ ಎಂದು ಕೊಟ್ಟರೆ, ಕಂಪ್ಯೂಟರಿನ ಜೊತೆ ಸೀರಿಯಲ್ ಸಂಪರ್ಕ ಸಿಗುವ ತನಕ ಬೋರ್ಡ್ ಅಲ್ಲೇ ಕಾಯುತ್ತದೆ. ಮನೆಯಲ್ಲಿ ಯಾವಾಗಲೂ ಲ್ಯಾಪ್‌ಟಾಪ್ ಪಕ್ಕದಲ್ಲಿತ್ತು. ವೇದಿಕೆಯಲ್ಲಿ ಬರೀ ಅಡಾಪ್ಟರ್. ಬೋರ್ಡ್ ನಾನು ಹೇಳಿದ್ದನ್ನೇ ಮಾಡುತ್ತಿತ್ತು, ಕಾಯುತ್ತಿತ್ತು.

ಆಮೇಲೆ ಎಷ್ಟೋ ದೋಷಗಳನ್ನು ಹುಡುಕಿ ತೆಗೆದಿದ್ದೇನೆ, ಗೆಳೆಯರ ಪೆಟ್ಟಿಗೆಗಳಲ್ಲೂ. ಒಂದು ವಿಷಯ ಗಟ್ಟಿಯಾಗಿದೆ. ಮೀಟರ್ ಹಿಡಿಯುವ ಮೊದಲು, ಕೋಡ್ ತೆರೆಯುವ ಮೊದಲು, ದೋಷವನ್ನು ಕೇಳಬೇಕು. ದೋಷಕ್ಕೂ ಶ್ರುತಿ ಇದೆ. ದೋಷಕ್ಕೂ ತಾಳ ಇದೆ. ಸಂಗೀತ ಮಾಡುವವರಿಗೆ ಇವೆರಡನ್ನೂ ಗುರುತಿಸಲು ಬರುತ್ತದೆ ಅಲ್ವಾ? ಅದನ್ನೇ ಇಲ್ಲೂ ಬಳಸೋಣ. ಉದಾಹರಣೆಗಳು ಡೈಸಿಯವು. ಆದರೆ ಟೀನ್ಸಿ, ರಾಸ್ಪ್‌ಬೆರಿ ಪೈ, ಯಾವುದರಲ್ಲಿ ಲೂಪರ್ ಕಟ್ಟಿದರೂ ಹುಡುಕುವ ದಾರಿ ಇದೇ.

ದೋಷ ಲೂಪಿನ ಜೊತೆ ತಿರುಗುತ್ತಿದೆಯೇ?

ಮೊದಲ ಪ್ರಶ್ನೆ ಇದೇ. ಲೂಪಿನಲ್ಲಿ ಅದೇ ಶಬ್ದ ಮತ್ತೆ ಮತ್ತೆ ಬರುವುದರಿಂದ, ದೋಷ ಯಾವ ಹಂತದಲ್ಲಿ ಒಳಗೆ ಬಂತು ಎಂದು ಕೇಳಿಯೇ ಹೇಳಬಹುದು.

ಚಟಪಟ ಶಬ್ದ ಬರುತ್ತಿದೆ ಅಂದುಕೊಳ್ಳಿ. ಒಂದು ಲೂಪ್ ರೆಕಾರ್ಡ್ ಮಾಡಿ, ಕೈ ಕಟ್ಟಿಕೊಂಡು ಹತ್ತು ಸುತ್ತು ಓಡಲು ಬಿಡಿ. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿ. ಪ್ರತಿ ಸುತ್ತಿನಲ್ಲೂ ಅದೇ ಏಟಿಗೆ ಚಟ್ ಎಂದರೆ ಅದು ಮೆಮೊರಿಯಲ್ಲೇ ಕೂತಿದೆ. ರೆಕಾರ್ಡ್ ಆಗುವಾಗಲೇ ಒಳಗೆ ಬಂದಿದೆ. ಹಾಗಾದರೆ ಮೈಕ್, ಪಿಕಪ್, ಇನ್‌ಪುಟ್ ಮಟ್ಟ, ಇಲ್ಲವೇ ರೆಕಾರ್ಡ್ ಮಾಡುವ ಕೋಡ್ ನೋಡಬೇಕು. ಪ್ರತಿ ಸುತ್ತಿನಲ್ಲಿ ಬೇರೆ ಬೇರೆ ಕಡೆ ಬಂದರೆ ರೆಕಾರ್ಡ್ ಆದದ್ದು ಸರಿಯಾಗೇ ಇದೆ. ಹೊರಗೆ ಬರುವ ದಾರಿಯಲ್ಲಿ ಏನೋ ಆಗುತ್ತಿದೆ: ಸಿಪಿಯುಗೆ ಹೊರೆ ಜಾಸ್ತಿ, ಪವರ್ ಸರಿಯಿಲ್ಲ, ಬೆಸುಗೆ ಸಡಿಲ. ಸುತ್ತು ಮುಗಿಯುವ ಜಾಗದಲ್ಲಿ ಮಾತ್ರ ಬಂದರೆ ಅದು ಲೂಪಿನ ಹೊಲಿಗೆ. ಲೂಪ್ ನಿಲ್ಲಿಸಿದರೂ ಒಂದೇ ಶ್ರುತಿಯಲ್ಲಿ ಮುಂದುವರಿದರೆ ಅದು ವಿದ್ಯುತ್ತಿನ ದೋಷ, ಲೂಪಿಗೆ ಸಂಬಂಧವೇ ಇಲ್ಲ.

ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಇದನ್ನು ಬಿಟ್ಟು ಸುಮ್ನೆ ಕೇಬಲ್ ಬದಲಿಸುತ್ತಾ ಹೋದರೆ ಅರ್ಧ ದಿನ ಹೋಗುತ್ತದೆ.

ಎರಡನೆಯ ಅಭ್ಯಾಸ: ಬರೀ ಹಾಯಿಸುವ ಪ್ರೋಗ್ರಾಂ ಒಂದು ಸದಾ ಜೊತೆಗಿರಲಿ. ಇನ್‌ಪುಟ್‌ನಲ್ಲಿ ಬಂದದ್ದನ್ನು ಔಟ್‌ಪುಟ್‌ಗೆ ಕಳಿಸುವುದು, ಅಷ್ಟೇ. ಮಿಡಿ (ಸಂಗೀತ ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುವ ಭಾಷೆ) ಇಲ್ಲ, ಲೂಪ್ ಇಲ್ಲ, ಪರದೆ ಇಲ್ಲ. ಅದನ್ನು ಹಾಕಿದಾಗಲೂ ದೋಷ ಇದ್ದರೆ ನಿಮ್ಮ ಲೂಪರ್ ಕೋಡ್ ನಿರ್ದೋಷಿ. ತಂತಿಗಳ ಕಡೆ ಹೋಗಿ.

ಶಬ್ದವೇ ಇಲ್ಲ

ಹಾಯಿಸುವ ಪ್ರೋಗ್ರಾಂನಲ್ಲೂ ಶಬ್ದ ಇಲ್ಲವಾದರೆ ಡೈಸಿಯಲ್ಲಿ ಮೊದಲು ನೋಡಬೇಕಾದ್ದು ಗ್ರೌಂಡ್. ಬೋರ್ಡ್‌ನಲ್ಲಿ ಎರಡು ಗ್ರೌಂಡ್ ಪಿನ್‌ಗಳಿವೆ. 20ನೆಯದು ಅನಲಾಗ್, 40ನೆಯದು ಡಿಜಿಟಲ್. ಇವೆರಡನ್ನೂ ಹೊರಗಡೆ ತಂತಿಯಿಂದ ಸೇರಿಸಬೇಕು. ಸೇರಿಸದಿದ್ದರೆ ಕೆಲವೊಮ್ಮೆ ಏನೂ ಕೇಳದು, ಕೆಲವೊಮ್ಮೆ ಬರೀ ಕಿರಿಚು. ಬ್ರೆಡ್‌ಬೋರ್ಡ್ ಮೇಲೆ ಕಟ್ಟುವವರು ಇದನ್ನು ಮರೆಯುವುದೇ ಜಾಸ್ತಿ.

ಎರಡನೆಯದು ಪಿನ್ ಎಣಿಕೆ. ಕೋಡ್‌ನಲ್ಲಿ ಡಿ 0 ಎಂದು ಶುರುವಾಗುತ್ತದೆ, ಹಲಗೆಯ ಮೇಲೆ 1 ಎಂದು. ಹಾಗಾಗಿ ಡಿ 14 ಎಂದರೆ ಹಲಗೆಯ 15ನೇ ಪಿನ್. ಮಿಡಿ ಒಳಬರುವುದು ಸಾಮಾನ್ಯವಾಗಿ ಈ ಡಿ 14ಕ್ಕೇ. ಒಂದು ಪಿನ್ ಪಕ್ಕಕ್ಕೆ ಬೆಸೆದರೆ ಏನೂ ಸುಡುವುದಿಲ್ಲ, ಏನೂ ಬರುವುದೂ ಇಲ್ಲ.

ಶಬ್ದ ಬರುತ್ತಿದೆ, ಆದರೆ ತಗಡಿನ ಹಾಗೆ ತೆಳ್ಳಗಿದೆ, ಮಂದ್ರವೇ ಇಲ್ಲ ಅಂದರೆ ನೀವು ಪೀಜೋ ಪಿಕಪ್ಪನ್ನು ನೇರವಾಗಿ ಲೈನ್ ಇನ್‌ಪುಟ್‌ಗೆ ಕೊಟ್ಟಿರಬಹುದು. ವೀಣೆಗೆ, ಪಿಟೀಲಿಗೆ ಅಂಟಿಸುವ ಈ ಬಿಲ್ಲೆಗಳಿಗೆ 1 ಮೆಗಾಓಮ್‌ನಷ್ಟು ಇನ್‌ಪುಟ್ ತಡೆ ಬೇಕು. ನಡುವೆ ಒಂದು ಬಫರ್ ಸರ್ಕ್ಯೂಟ್ ಹಾಕಿ. ಆಮೇಲೆ ಈಕ್ಯು (ಮಂದ್ರ, ತಾರ ಏರಿಳಿಸುವ ಗುಂಡಿ) ತಿರುಗಿಸುವುದು.

ಇನ್ನು ಪ್ರೋಗ್ರಾಂ ಬೋರ್ಡ್‌ಗೆ ಹೋಗುತ್ತಲೇ ಇಲ್ಲ ಎಂದರೆ ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ. ಚಾರ್ಜ್‌ಗೆ ಮಾತ್ರ ಆಗುವ, ಡೇಟಾ ತಂತಿಗಳೇ ಇಲ್ಲದ ಕೇಬಲ್‌ಗಳು ಮನೆ ತುಂಬ ಇರುತ್ತವೆ.

ಗುಂಯ್ ಮತ್ತು ಕುಂಯ್

ಇವೆರಡನ್ನೂ ಒಂದೇ ಎಂದು ಭಾವಿಸಿ ಕಷ್ಟಪಡುವವರು ತುಂಬ ಮಂದಿ. ಶ್ರುತಿ ಕೇಳಿ, ಬೇರೆಬೇರೆ ಎಂದು ತಿಳಿಯುತ್ತದೆ.

ಗುಂಯ್ ಎನ್ನುವುದು ಕೆಳಗಿನ ದನಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಪಿಯಾನೋದ ತೀರಾ ಕೆಳಗಿನ ಜಿ ಸ್ವರಕ್ಕಿಂತ ಕೂದಲೆಳೆ ಮೇಲೆ. 100 ಹರ್ಟ್ಸ್ ಅದರ ಮೇಲಿನ ಸ್ಥಾಯಿ. ಮೊಬೈಲಿನ ಟ್ಯೂನರ್ ಆ್ಯಪ್ ಹಿಡಿದರೆ ಜಿ ಎಂದು, ಸ್ವಲ್ಪ ಜಾಸ್ತಿ ಎಂದು ತೋರಿಸುತ್ತದೆ. ಈ ಶ್ರುತಿ ಬಂದರೆ ಗ್ರೌಂಡ್ ಲೂಪ್ ಇರಬಹುದು: ಲೂಪರ್ ಒಂದು ದಾರಿಯಿಂದ ಭೂಮಿಗೆ, ಆಂಪ್ ಇನ್ನೊಂದು ದಾರಿಯಿಂದ. ಅಥವಾ ಸಭಾಂಗಣದ ಸಾಕೆಟ್‌ನ ಮೂರನೇ, ಅರ್ತ್ ತೂತಿಗೆ ಒಳಗಡೆ ತಂತಿಯೇ ಇರುವುದಿಲ್ಲ.

ಪರೀಕ್ಷೆ ಸರಳ. ಒಂದೊಂದೇ ಕೇಬಲ್ ಕಳಚಿ. ಲ್ಯಾಪ್‌ಟಾಪ್‌ನ ಯುಎಸ್‌ಬಿ ತೆಗೆದ ತಕ್ಷಣ ಗುಂಯ್ ನಿಂತರೆ ಅದೇ ದಾರಿ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಓಡಿಸಿ ನೋಡಿ, ಇಲ್ಲವೇ ಮಿಡಿಗೆ ಯುಎಸ್‌ಬಿ ಬಿಟ್ಟು 5 ಪಿನ್ ಕೇಬಲ್ ಬಳಸಿ. ಹಳೆಯ 5 ಪಿನ್ ಮಿಡಿಯಲ್ಲಿ ಸಂದೇಶ ಬೆಳಕಿನ ಮೂಲಕ ದಾಟುತ್ತದೆ. ಆಪ್ಟೋ ಐಸೋಲೇಟರ್ ಎಂಬ ಚಿಕ್ಕ ಭಾಗದೊಳಗೆ ಒಂದು ಕಡೆ ದೀಪ, ಇನ್ನೊಂದು ಕಡೆ ಕಣ್ಣು. ಎರಡು ಯಂತ್ರಗಳ ನಡುವೆ ವಿದ್ಯುತ್ ಸಂಪರ್ಕವೇ ಇಲ್ಲ. ಅದಕ್ಕೇ ಗುಂಯ್ ದಾಟುವುದಿಲ್ಲ. ಆದರೆ ಮನೆಯಲ್ಲಿ ಕಟ್ಟಿದ ಮಿಡಿ ಇನ್ ಸಾಕೆಟ್‌ನಲ್ಲಿ 2ನೇ ಪಿನ್ನನ್ನು ಗ್ರೌಂಡ್‌ಗೆ ಬೆಸೆದುಬಿಟ್ಟರೆ ಈ ರಕ್ಷಣೆ ಹೋಯಿತು. 2ನೇ ಪಿನ್ ಗ್ರೌಂಡ್‌ಗೆ ಸೇರಬೇಕಾದ್ದು ಕಳಿಸುವ ಕಡೆ ಮಾತ್ರ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಗುಂಯ್ ಹೋಗಲೆಂದು ಪ್ಲಗ್‌ನ ಅರ್ತ್ ಪಿನ್ ಮುರಿಯಬೇಡಿ, ಅದಕ್ಕೆ ಟೇಪ್ ಸುತ್ತಬೇಡಿ. ಮೈಕ್ ತುಟಿಗೆ ತಾಗುತ್ತದೆ, ಅರ್ತ್ ಇಲ್ಲದಿದ್ದರೆ ಶಾಕ್ ಹೊಡೆಯಬಹುದು. ಬದಲಿಗೆ ಲೂಪರ್ ಮತ್ತು ಆಂಪ್ ನಡುವೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ.

ಕುಂಯ್ ಎನ್ನುವುದು ಮೇಲಿನ, ಸೊಳ್ಳೆಯಂಥ ಶಬ್ದ. ಇದರ ಕಥೆ ಬೇರೆ, ನನಗೆ ಬಹಳ ಇಷ್ಟವಾದದ್ದು. ಬೋರ್ಡ್ ಶಬ್ದವನ್ನು ಕಂತುಗಳಲ್ಲಿ ಲೆಕ್ಕ ಹಾಕುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ (ಶಬ್ದದ ಒಂದೊಂದು ಅಳತೆ), ಒಂದು ಕಂತಿಗೆ 48 ಸ್ಯಾಂಪಲ್ ಎಂದಿಟ್ಟರೆ ಸೆಕೆಂಡಿಗೆ 1,000 ಕಂತು. ಪ್ರತಿ ಕಂತಿಗೂ ಚಿಪ್ ಎದ್ದು ಕೆಲಸ ಮಾಡಿ ಮತ್ತೆ ಸುಮ್ಮನಾಗುತ್ತದೆ. ಎದ್ದಾಗಲೆಲ್ಲ ಕರೆಂಟು ಎಳೆಯುತ್ತದೆ. ಪವರ್ ಗಟ್ಟಿಯಾಗಿಲ್ಲದಿದ್ದರೆ ಈ ಎಳೆತ ಆಡಿಯೋದೊಳಗೆ ಸೋರಿ 1,000 ಹರ್ಟ್ಸ್‌ನ ಸ್ವರವಾಗಿ ಕೇಳುತ್ತದೆ. ಟ್ಯೂನರ್‌ನಲ್ಲಿ ಬಿ ಸ್ವರ, ಸ್ವಲ್ಪ ಜಾಸ್ತಿ.

ಆದರೆ ಯುಎಸ್‌ಬಿಯೂ ಪ್ರತಿ 1 ಮಿಲಿಸೆಕೆಂಡಿಗೆ ಒಂದು ಮಿಡಿತ ಕಳಿಸುತ್ತದೆ. ಅದು ಸೋರಿದರೂ ಅದೇ 1,000 ಹರ್ಟ್ಸ್! ಯಾವುದು ಎಂದು ಹೇಗೆ ತಿಳಿಯುವುದು? ಕಂತಿನ ಗಾತ್ರವನ್ನು 48ರಿಂದ 24ಕ್ಕೆ ಇಳಿಸಿ. ಕುಂಯ್ ಒಂದು ಸ್ಥಾಯಿ ಮೇಲಕ್ಕೆ ಹಾರಿದರೆ ಅದು ಚಿಪ್‌ನ ಲೆಕ್ಕಾಚಾರದ ಸದ್ದು. ಅಲ್ಲೇ ನಿಂತರೆ ಯುಎಸ್‌ಬಿ. ಮೊದಲನೆಯದಕ್ಕೆ ಮದ್ದು: ಗ್ರೌಂಡ್ ತಂತಿ ಚಿಕ್ಕದು ಮಾಡಿ, ದೀಪ ಮತ್ತು ಪರದೆಗಳ ಗ್ರೌಂಡನ್ನು ಆಡಿಯೋ ಜ್ಯಾಕ್‌ಗಳ ಗ್ರೌಂಡ್ ಜೊತೆ ಒಂದೇ ತಂತಿಯಲ್ಲಿ ಓಡಿಸಬೇಡಿ, ಒಳ್ಳೆಯ ಅಡಾಪ್ಟರ್ ಹಾಕಿ. ಎರಡನೆಯದಕ್ಕೆ ಯುಎಸ್‌ಬಿ ತೆಗೆದು ಬೇರೆ ಪವರ್ ಕೊಡಿ.

ದನಿ ಒಡೆಯುವುದು

ಲೇಯರ್ ಮೇಲೆ ಲೇಯರ್ ಹಾಕುತ್ತಾ ಹೋದಂತೆ ದನಿ ಒಡೆಯುತ್ತದೆ. ಇದರಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿವೆ.

ಒಂದು, ಕೂಡಿಸಿದ ಮೊತ್ತ ಜಾಸ್ತಿಯಾಗಿದೆ. ನಾಲ್ಕು ಲೇಯರ್ ಒಟ್ಟಿಗೆ ಸೇರಿದರೆ ಔಟ್‌ಪುಟ್‌ನ ಗರಿಷ್ಠ ಮಟ್ಟವಾದ 1.0 ದಾಟುತ್ತದೆ, ಔಟ್‌ಪುಟ್‌ನಲ್ಲಿ ತಲೆ ಕತ್ತರಿಸಿ ಹೋಗುತ್ತದೆ. ಪರೀಕ್ಷೆ: ಆಂಪ್‌ನ ವಾಲ್ಯೂಮ್ ಅಲ್ಲ, ಕೋಡ್‌ನೊಳಗಿನ ಲೂಪ್ ವಾಲ್ಯೂಮ್ ಅರ್ಧಕ್ಕಿಳಿಸಿ. ದನಿ ಶುದ್ಧವಾದರೆ ಬಫರ್ (ಲೂಪ್ ಕೂತಿರುವ ಮೆಮೊರಿ) ಚೆನ್ನಾಗಿದೆ, ಹೊರಗೆ ಹೋಗುವಾಗ ಕತ್ತರಿಯಾಗುತ್ತಿತ್ತು. ಇಳಿಸಿದರೂ ಒಡಕಾಗೇ ಇದ್ದರೆ ಒಳಗೆ ಬರುವಾಗಲೇ, ಇಲ್ಲವೇ ಬಫರ್‌ನಲ್ಲೇ ಕತ್ತರಿಯಾಗಿದೆ. ಫ್ಲೋಟ್ (ದಶಾಂಶ) ಸಂಖ್ಯೆಗಳಲ್ಲಿ ಇಟ್ಟ ಬಫರ್ 1.0 ದಾಟಿದರೂ ತಾಳಿಕೊಳ್ಳುತ್ತದೆ. ಜಾಗ ಉಳಿಸಲೆಂದು 16 ಬಿಟ್‌ನಲ್ಲಿ ಇಟ್ಟರೆ ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ನಾನು ಪ್ರತಿ ಓವರ್‌ಡಬ್‌ನಲ್ಲಿ, ಅಂದರೆ ಲೂಪಿನ ಮೇಲೆ ಹೊಸ ಲೇಯರ್ ಹಾಕುವಾಗ, ಹಳೆಯದನ್ನು 0.95ರಿಂದ ಗುಣಿಸಿ ಹೊಸದನ್ನು ಸೇರಿಸುತ್ತೇನೆ. ಹಳೆಯ ಲೇಯರ್‌ಗಳು ನಿಧಾನವಾಗಿ ಹಿಂದೆ ಸರಿಯುತ್ತವೆ. ಸಂಗೀತಕ್ಕೂ ಅದು ಚೆಂದ.

ಎರಡು, ಸಿಪಿಯುಗೆ ಸಮಯ ಸಾಲುತ್ತಿಲ್ಲ. 48 ಸ್ಯಾಂಪಲ್‌ನ ಕಂತಿಗೆ ಸಿಗುವುದು 1 ಮಿಲಿಸೆಕೆಂಡ್. ರಿವರ್ಬ್ ಹಾಕಿದ ಕೂಡಲೇ, ನಾಲ್ಕನೇ ಟ್ರ್ಯಾಕ್ ಸೇರಿದ ಕೂಡಲೇ ಚಟಪಟ ಶುರುವಾದರೆ ಇದೇ. ಲೈಬ್ರರಿಯಲ್ಲಿ ಸಿಪಿಯು ಲೋಡ್ ಮೀಟರ್ ಇದೆ, ಅದನ್ನು ಹಾಕಿ ನೋಡಿ. ಕಂತನ್ನು 256ಕ್ಕೆ ಏರಿಸಿದರೆ ಸುಮಾರು 5.3 ಮಿಲಿಸೆಕೆಂಡ್ ಸಿಗುತ್ತದೆ, ವಿಳಂಬವೂ ಅಷ್ಟೇ ಏರುತ್ತದೆ. ಆದರೆ ಚಟಪಟಕ್ಕೆ ತನ್ನದೇ ತಾಳ ಇದ್ದರೆ, ಅಂದರೆ ಸೆಕೆಂಡಿಗೆ ನಾಲ್ಕು ಸಲ, ಹತ್ತು ಸಲ ಎಂದು ಸಮವಾಗಿ ಬಂದರೆ, ನಿಮ್ಮ ಪರದೆ ಎಷ್ಟು ಸಲ ಬದಲಾಗುತ್ತದೆ ಎಂದು ನೋಡಿ. ಪ್ರತಿ ಕಂತಿಗೂ ಓಡುವ ಆಡಿಯೋ ಕಾಲ್‌ಬ್ಯಾಕ್ ಎಂಬ ಫಂಕ್ಷನ್‌ನೊಳಗೆ ಪರದೆ ಬರೆಯುವುದು, ಸೀರಿಯಲ್‌ಗೆ ಪ್ರಿಂಟ್ ಮಾಡುವುದು, ಎರಡೂ ಕೂಡದು. ಅಲ್ಲಿ ಲೆಕ್ಕ ಮಾತ್ರ. ಉಳಿದದ್ದೆಲ್ಲ ಪ್ರೋಗ್ರಾಂನ ಮೇನ್ ಲೂಪಿಗೆ.

ಮೂರನೆಯದು ವೇದಿಕೆಯ ಕಾಯಿಲೆ. ಸ್ಪೀಕರಿನಿಂದ ಬರುವ ಲೂಪನ್ನೇ ಮೈಕ್ ಮತ್ತೆ ಕೇಳಿಸಿಕೊಳ್ಳುತ್ತದೆ. ನೀವು ಎರಡನೇ ಲೇಯರ್ ಹಾಕಿದಿರಿ ಎಂದುಕೊಂಡಿರುತ್ತೀರಿ. ಆದರೆ ಮೊದಲನೆಯದೂ ಅದರ ಜೊತೆ ಇನ್ನೊಮ್ಮೆ ರೆಕಾರ್ಡ್ ಆಗಿರುತ್ತದೆ. ದನಿ ಕೊಡದೊಳಗಿಂದ ಬಂದ ಹಾಗೆ ಟೊಳ್ಳಾಗುತ್ತದೆ. ಬಾಯಿ ಮುಚ್ಚಿ, ಏನೂ ನುಡಿಸದೆ ಒಂದು ಸುತ್ತು ಓವರ್‌ಡಬ್ ಮಾಡಿ. ಲೂಪ್ ಜೋರಾದರೆ ರೋಗ ಇದೇ. ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಸ್ಪೀಕರನ್ನು ಮೈಕ್‌ನ ಬೆನ್ನಿಗೆ ತಿರುಗಿಸಿ.

ಹೆಡ್‌ಫೋನ್ ಎಂದಾಗ ಬ್ಲೂಟೂತ್ ಬೇಡವೇ ಬೇಡ. ಅದರಲ್ಲಿ ದನಿ 100 ಮಿಲಿಸೆಕೆಂಡಿಗಿಂತ ಹಿಂದೆ ಬೀಳುವುದು ಮಾಮೂಲು. ನೀವು ಕೇಳಿ ನುಡಿಸಿದ್ದೆಲ್ಲ ಅಷ್ಟೇ ತಡವಾಗಿ ಲೂಪಿನಲ್ಲಿ ಕೂರುತ್ತದೆ. ಹಾಗೆಯೇ ಸ್ಪೀಕರ್ ಮೂರು ಮೀಟರ್ ದೂರದಲ್ಲಿದ್ದರೆ ಗಾಳಿಯಲ್ಲೇ ಸುಮಾರು 9 ಮಿಲಿಸೆಕೆಂಡ್ ಹೋಗುತ್ತದೆ. ಬೋರ್ಡ್‌ನ ವಿಳಂಬ ಇಳಿಸಲು ರಾತ್ರಿಯೆಲ್ಲ ಕೂರುವ ಬದಲು ಸ್ಪೀಕರನ್ನು ಹತ್ತಿರ ಎಳೆದುಕೊಳ್ಳಿ.

ಹೊಲಿಗೆಯಲ್ಲಿ ಟಕ್

ಲೂಪಿನ ಕೊನೆ ಮತ್ತು ಮೊದಲು ಸೇರುವ ಜಾಗದಲ್ಲಿ ತರಂಗ ಒಂದು ಎತ್ತರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಕಿವಿಗೆ ಅದು ಟಕ್. ಟೇಪ್ ಕಾಲದವರು ಇದಕ್ಕೆ ಟೇಪನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಓರೆ ಗೆರೆಯ ಉದ್ದಕ್ಕೂ ಹಳೆಯದು ಕರಗಿ ಹೊಸದು ಏರುತ್ತಿತ್ತು. ನಾವು ಕೋಡ್‌ನಲ್ಲಿ ಮಾಡುವ ಕ್ರಾಸ್‌ಫೇಡ್ ಅದೇ ಓರೆ ಕತ್ತರಿ. ಕಾಲು ಒತ್ತಿದ ಮೇಲೂ ಸ್ವಲ್ಪ ಹೊತ್ತು ರೆಕಾರ್ಡ್ ಮುಂದುವರಿಸಿ, ಆ ಬಾಲವನ್ನು ಲೂಪಿನ ತಲೆಯ ಜೊತೆ ಕರಗಿಸಬೇಕು. ಖಂಜರಿ, ಮೃದಂಗದಂಥ ಏಟುಗಳಿಗೆ 5 ಮಿಲಿಸೆಕೆಂಡ್, ಅಂದರೆ 240 ಸ್ಯಾಂಪಲ್ ಸಾಕು. ಜಾಸ್ತಿ ಮಾಡಿದರೆ ಏಟಿನ ಮೊನೆ ಮೊಂಡಾಗುತ್ತದೆ. ತಂಬೂರಿಯಂಥ ಉದ್ದ ನಾದಕ್ಕೆ 50ರಿಂದ 100 ಮಿಲಿಸೆಕೆಂಡ್ ಕೊಡಿ.

ಕ್ರಾಸ್‌ಫೇಡ್ ಹಾಕಿದರೂ ಟಕ್ ಹೋಗಲಿಲ್ಲವೇ? ಮೊದಲು ಒಂದು ಉದ್ದ ಲೂಪ್ ರೆಕಾರ್ಡ್ ಮಾಡಿ. ಅಳಿಸದೆ ಅದರ ಮೇಲೆ ಚಿಕ್ಕ ಲೂಪನ್ನು ಪೂರ್ತಿ ಮೌನದಲ್ಲಿ ರೆಕಾರ್ಡ್ ಮಾಡಿ. ಮೌನದಲ್ಲೂ ಟಕ್ ಬಂದರೆ ನಿಮ್ಮ ಓದುವ ಎಣಿಕೆ ಕೊನೆ ದಾಟಿ ಒಂದೆರಡು ಸ್ಯಾಂಪಲ್ ಮುಂದೆ ಹೋಗಿ ಹಳೆಯ ಲೂಪಿನ ಚೂರು ಓದುತ್ತಿದೆ. ಎಣಿಕೆ ಲೂಪಿನ ಉದ್ದಕ್ಕಿಂತ ಚಿಕ್ಕದೋ, ಸಮವೋ ಎಂಬ ಹೋಲಿಕೆಯಲ್ಲಿ ತಪ್ಪಿದೆ.

ಪವರ್ ಹಾಕಿ ಮೊದಲ ಸಲ ಪ್ಲೇ ಒತ್ತಿದಾಗ ಮಾತ್ರ ಕರ್ಕಶ ಗದ್ದಲ ಬರುವುದೂ ಇದೆ. ಡೈಸಿಯ 64 ಎಂಬಿ ಹೊರ ಮೆಮೊರಿ ಸೊನ್ನೆಯಿಂದ ಶುರುವಾಗುವುದಿಲ್ಲ. ಅದರಲ್ಲಿ ಏನಿದೆಯೋ ಅದೇ ಇರುತ್ತದೆ. ಕೋಡ್‌ನಲ್ಲಿ ಬೋರ್ಡನ್ನು ಸಜ್ಜು ಮಾಡುವ ಇನಿಟ್ ಆದ ಮೇಲೆ, ಆಡಿಯೋ ಶುರುವಾಗುವ ಮೊದಲು, ಬಫರನ್ನು ಸೊನ್ನೆಯಿಂದ ತುಂಬಿ. ಈ ಕ್ರಮ ಮುಖ್ಯ. ಹೆಡ್‌ಫೋನ್‌ನಲ್ಲಿ ಆ ಗದ್ದಲ ಕಿವಿಗೆ ನಿಜಕ್ಕೂ ಅಪಾಯ. ಅದೇ ಮೆಮೊರಿಯಲ್ಲಿ ಮಾನೋ ಫ್ಲೋಟ್ ಆದರೆ ಸುಮಾರು 5 ನಿಮಿಷ 49 ಸೆಕೆಂಡ್ ಹಿಡಿಯುತ್ತದೆ. ಸ್ಟೀರಿಯೋ ಆದರೆ ಅದರ ಅರ್ಧ. ಉದ್ದದ ರೆಕಾರ್ಡ್ ಪ್ರತಿ ಸಲ ಒಂದೇ ಸೆಕೆಂಡಿಗೆ ಕೈಕೊಟ್ಟರೆ ಈ ಲೆಕ್ಕ ಹಾಕಿ ನೋಡಿ.

ಲೂಪ್ ಸರಿಯಾಗಿದೆ, ಆದರೆ ಮೆಮೊರಿ ಕಾರ್ಡ್‌ನಿಂದ ಎತ್ತಿದ ತಂಬೂರಿ ಫೈಲ್ ಮಾತ್ರ ಶ್ರುತಿ ಏರಿದೆ. ಎಷ್ಟು ಏರಿದೆ ಎಂದು ಅಳೆಯಿರಿ. ಹೆಚ್ಚುಕಡಿಮೆ ಒಂದೂವರೆ ಸೆಮಿಟೋನ್ ಆದರೆ ಫೈಲ್ ಸೆಕೆಂಡಿಗೆ 44,100 ಸ್ಯಾಂಪಲ್‌ನದ್ದು, ಬೋರ್ಡ್ 48,000ದಲ್ಲಿ ಓಡುತ್ತಿದೆ.

ಮಿಡಿ: ಎಲ್ಲವೂ ಇಲ್ಲವೋ, ಕೆಲವು ಇಲ್ಲವೋ?

ಕಾಲು ಒತ್ತಿದರೆ ಲೂಪ್ ಕೇಳುತ್ತಿಲ್ಲ ಎಂದು ಎಲ್ಲರೂ ಮಿಡಿಯನ್ನು ದೂರುತ್ತಾರೆ. ಇಲ್ಲೂ ದೋಷದ ಲಯವೇ ದಾರಿ ತೋರಿಸುತ್ತದೆ. ಒಂದೂ ಸಂದೇಶ ಬರುತ್ತಿಲ್ಲವಾದರೆ ತಂತಿ, ಇಲ್ಲವೇ ಚಾನಲ್. ಬರುತ್ತವೆ, ಆದರೆ ಪ್ರತಿ ಸಲ ಒಂದೇ ಥರ ತಪ್ಪು ಕೆಲಸವಾಗುತ್ತದೆ ಅಂದರೆ ಕೋಡ್, ಇಲ್ಲವೇ ಸೆಟ್ಟಿಂಗ್. ಕೆಲವು ಬರುತ್ತವೆ, ಕೆಲವು ತಪ್ಪುತ್ತವೆ, ಇವತ್ತು ಒಂದು ಥರ, ನಾಳೆ ಇನ್ನೊಂದು ಥರ ಅಂದರೆ ಸರ್ಕ್ಯೂಟ್.

ಒಂದೂ ಬರದಿದ್ದಾಗ ಮೊದಲು ಕಳಿಸುವವನನ್ನು ಪರೀಕ್ಷಿಸಿ. ಒಂದು ಎಲ್‌ಇಡಿ ತೆಗೆದುಕೊಳ್ಳಿ. ಉದ್ದ ಕಾಲನ್ನು ಮಿಡಿ ಔಟ್‌ನ 4ನೇ ಪಿನ್‌ಗೆ, ಗಿಡ್ಡ ಕಾಲನ್ನು 5ನೇ ಪಿನ್‌ಗೆ ಮುಟ್ಟಿಸಿ ಪೆಡಲ್ ಒತ್ತಿ. ಮಿಣುಕಿದರೆ ಅಲ್ಲಿಂದ ಸಂದೇಶ ಹೊರಡುತ್ತಿದೆ. ಸಾಕೆಟ್‌ನ ಪಿನ್‌ಗಳು ಎಣಿಕೆಯ ಕ್ರಮದಲ್ಲಿಲ್ಲ, ನೆನಪಿರಲಿ. ಅರ್ಧ ವೃತ್ತದಲ್ಲಿ 1, 4, 2, 5, 3 ಎಂದು ಇರುತ್ತವೆ. ಬೆಸೆಯುವ ಬದಿಯಿಂದ ನೋಡಿದರೆ ಕನ್ನಡಿಯ ಹಾಗೆ ತಿರುಗಿರುತ್ತವೆ. 4 ಮತ್ತು 5 ಅದಲು ಬದಲಾಗುವುದು ಹೀಗೇ. 3.5 ಎಂಎಂ ಜ್ಯಾಕ್‌ನ ಮಿಡಿಯಲ್ಲೂ ಇದೇ ಗೋಳು. 2018ರಲ್ಲಿ ಎ ಮಾದರಿಯನ್ನು ಪ್ರಮಾಣ ಎಂದು ಒಪ್ಪಿದರು, ಆದರೆ ಅದಕ್ಕೂ ಮುಂಚಿನ ಎಷ್ಟೋ ಯಂತ್ರಗಳು ಬಿ ಮಾದರಿಯವು. ಎರಡರಲ್ಲಿ ತುದಿ ಮತ್ತು ಉಂಗುರ ಅದಲು ಬದಲು. ಕೇಬಲ್ ನೋಡಲು ಒಂದೇ ಥರ.

ಯುಎಸ್‌ಬಿ ಕೀಬೋರ್ಡನ್ನು ನೇರವಾಗಿ ಬೋರ್ಡ್‌ನ ಯುಎಸ್‌ಬಿಗೆ ಚುಚ್ಚಿ ಕಾಯುವವರೂ ಇದ್ದಾರೆ. ಅಲ್ಲಿ ಎರಡೂ ಕಡೆ ಡಿವೈಸ್‌ಗಳೇ. ಮಾತು ಶುರುಮಾಡುವ ಹೋಸ್ಟ್ ಯಾರೂ ಇಲ್ಲ. ನಡುವೆ ಕಂಪ್ಯೂಟರ್ ಬೇಕು, ಇಲ್ಲವೇ ಹೋಸ್ಟ್ ಪೆಟ್ಟಿಗೆ.

ಸಂದೇಶ ಹೊರಡುತ್ತಿದ್ದರೆ ಅದರಲ್ಲಿ ಏನಿದೆ ಎಂದು ನೋಡಿ. ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್, ಲಿನಕ್ಸ್‌ನಲ್ಲಿ ಏಸೆಕ್‌ಡಂಪ್. ನೀವು ಕಂಟ್ರೋಲ್ ಚೇಂಜ್ ಎಂಬ ಬಗೆಯ ಸಂದೇಶ ಕಾಯುತ್ತಿದ್ದರೆ ಪೆಡಲ್ ಪ್ರೋಗ್ರಾಂ ಚೇಂಜ್ ಎಂಬ ಬೇರೆ ಬಗೆಯದನ್ನು ಕಳಿಸುತ್ತಿರಬಹುದು. ಚಾನಲ್ ಯಂತ್ರದ ಮೇಲೆ 1ರಿಂದ 16, ಕೋಡ್‌ನಲ್ಲಿ 0ಯಿಂದ 15. ಒಂದರ ವ್ಯತ್ಯಾಸಕ್ಕೆ ಇಡೀ ಪೆಡಲ್ ಮೂಕವಾಗುತ್ತದೆ.

ರೆಕಾರ್ಡ್ ಶುರುವಾಗಿ ಕಾಲೆತ್ತಿದ ಕೂಡಲೇ ನಿಲ್ಲುತ್ತಿದೆಯೇ? ಪೆಡಲ್ ಒತ್ತಿದಾಗ 127, ಬಿಟ್ಟಾಗ 0 ಕಳಿಸುತ್ತದೆ. ನಿಮ್ಮ ಕೋಡ್ ಎರಡಕ್ಕೂ ಓಗೊಡುತ್ತಿದೆ. 64ಕ್ಕಿಂತ ಮೇಲಿದ್ದರೆ ಮಾತ್ರ ಕೆಲಸ ಮಾಡು ಎಂದು ಬರೆಯಿರಿ. ನೋಟ್ ಬಳಸುವವರಿಗೂ ಇದೇ: ವೆಲಾಸಿಟಿ (ಒತ್ತಿನ ಬಲ) 0 ಇರುವ ನೋಟ್ ಆನ್ ಎಂದರೆ ನೋಟ್ ಆಫ್. ನೀವೇ ಬೆಸೆದ ಸ್ವಿಚ್ ಆದರೆ ಲೋಹ ಪುಟಿಯುತ್ತದೆ, 10ರಿಂದ 20 ಮಿಲಿಸೆಕೆಂಡ್ ಮುಂದಿನ ಒತ್ತನ್ನು ಲೆಕ್ಕಿಸಬೇಡಿ. ಜೊತೆಗೆ ಲೂಪಿನ ಕನಿಷ್ಠ ಉದ್ದ ಒಂದಿಷ್ಟು ಇಡಿ. ಉದ್ದ 0 ಆದ ಲೂಪ್ ಎಂಥೆಂಥ ವಿಚಿತ್ರ ಮಾಡುತ್ತದೆ ಎಂದು ಹೇಳಲಾಗದು.

ಕೆಲವು ಬಂದು ಕೆಲವು ತಪ್ಪುವ ಕಥೆಯಲ್ಲಿ ನನಗೆ ಒಂದು ವಾರ ಹೋಯಿತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ 6ಎನ್138 ಆಪ್ಟೋ ಐಸೋಲೇಟರ್ ಹಾಕಿದ್ದೆ. ಭಾಗ ಸರಿಯಾಗೇ ಇತ್ತು. ಆದರೆ ಅದು 5 ವೋಲ್ಟ್‌ಗೆ ಹೇಳಿಮಾಡಿಸಿದ್ದು, ನಾನು ಕೊಟ್ಟದ್ದು 3.3. ಅಷ್ಟರಲ್ಲಿ ಅದು ಮಂದವಾಗಿ ಏರಿ ಇಳಿಯುತ್ತದೆ, ಬಿಟ್‌ಗಳ ಅಂಚು ಮಸುಕಾಗುತ್ತದೆ. 3.3ರಲ್ಲೇ ನೆಟ್ಟಗೆ ಓಡುವ ಎಚ್11ಎಲ್1 ಹಾಕಿದ ಮೇಲೆ ಒಂದು ಸಂದೇಶವೂ ತಪ್ಪಿಲ್ಲ. ಸರ್ಕ್ಯೂಟ್ ಒಳ್ಳೆಯದಿದ್ದೂ ತಪ್ಪಿದರೆ ಮೇನ್ ಲೂಪಿನಲ್ಲಿ ದೀಪ ಮಿನುಗಿಸಲು 500 ಮಿಲಿಸೆಕೆಂಡ್ ಡಿಲೇ ಹಾಕಿದ್ದೀರಾ ನೋಡಿ. ಅಷ್ಟು ಹೊತ್ತು ಮಿಡಿ ಓದುವವರೇ ಇರುವುದಿಲ್ಲ.

ತಡವಾಗುತ್ತಿದೆ ಎಂದಾದರೆ ಮಿಡಿಯ ವೇಗವನ್ನು ದೂರಬೇಡಿ. 1983ರಲ್ಲಿ ಬಂದ ಈ ಭಾಷೆ ಸೆಕೆಂಡಿಗೆ 31,250 ಬಿಟ್ ಸಾಗಿಸುತ್ತದೆ. ಮೂರು ಬೈಟ್‌ನ ಸಂದೇಶಕ್ಕೆ 1 ಮಿಲಿಸೆಕೆಂಡ್ ಕೂಡ ಬೇಡ. 50 ಮಿಲಿಸೆಕೆಂಡ್ ತಡ ಕೇಳಿದರೆ ಅದು ಬೇರೆಲ್ಲೋ ಹೋಗಿದೆ.

ಲೂಪ್ ತಾಳ ಬಿಡುವುದು

ಡ್ರಮ್ ಮಷೀನ್ ಜೊತೆ ಲೂಪ್ ಓಡುತ್ತಿದೆ. ಸ್ವಲ್ಪ ಹೊತ್ತಿಗೆ ಎರಡೂ ದೂರವಾಗುತ್ತವೆ. ಎರಡು ಯಂತ್ರಗಳ ಕ್ರಿಸ್ಟಲ್ (ಒಳಗಿನ ಗಡಿಯಾರ) ಬೇರೆ, ಅದಕ್ಕೇ ಹೀಗೆ ಎನ್ನುತ್ತಾರೆ. ಅಳೆದು ನೋಡಿ. ಕ್ರಿಸ್ಟಲ್ ಹತ್ತು ಲಕ್ಷಕ್ಕೆ 50 ಭಾಗ ತಪ್ಪಿದರೂ ನಿಮಿಷಕ್ಕೆ 3 ಮಿಲಿಸೆಕೆಂಡ್ ಅಷ್ಟೇ. ಇನ್ನೊಂದು ಕಡೆ, ನಿಮಿಷಕ್ಕೆ 80 ಅಕ್ಷರದ (ತಾಳದ ಎಣಿಕೆಯ) ವೇಗದಲ್ಲಿ ಆದಿತಾಳದ ಒಂದು ಆವರ್ತ 6 ಸೆಕೆಂಡ್, ಅಂದರೆ 2,88,000 ಸ್ಯಾಂಪಲ್. ಕಾಲು 20 ಮಿಲಿಸೆಕೆಂಡ್ ತಡವಾಗಿ ಒತ್ತಿದರೆ ಹತ್ತು ಸುತ್ತಿಗೆ, ಒಂದೇ ನಿಮಿಷಕ್ಕೆ, 200 ಮಿಲಿಸೆಕೆಂಡ್ ಹಿಂದೆ. ಕೇಳುವ ಕಿವಿಗೆ ಎರಡರ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಎಂಥ ನುರಿತ ಕಾಲಿಗೂ 2,88,000ಕ್ಕೆ ಸರಿಯಾಗಿ ಒತ್ತಲು ಆಗದು. ಉದ್ದವನ್ನು ಡ್ರಮ್ ಮಷೀನ್ ಕಳಿಸುವ ಮಿಡಿ ಕ್ಲಾಕ್ ಎಂಬ ಸಮ ಮಿಡಿತದಿಂದಲೇ ತೀರ್ಮಾನಿಸಬೇಕು.

ಕ್ಲಾಕ್ ಕೊಟ್ಟ ಮೇಲೂ ತಪ್ಪಿದರೆ ಇನ್ನೊಂದು ಪ್ರಶ್ನೆ: ವ್ಯತ್ಯಾಸ ಬೆಳೆಯುತ್ತಿದೆಯೋ, ಅಷ್ಟೇ ಇದೆಯೋ? ಬೆಳೆಯುತ್ತಿದ್ದರೆ ಲೂಪಿನ ಉದ್ದ ತಪ್ಪು. ಒಂದೇ ಅಳತೆಯಲ್ಲಿ ನಿಂತಿದ್ದರೆ ಶುರುವಿನ ಜಾಗ ತಪ್ಪು. ಕ್ಲಾಕ್ ಒಂದು ಕ್ವಾರ್ಟರ್ ನೋಟ್‌ಗೆ 24 ಮಿಡಿತ ಕಳಿಸುತ್ತದೆ. 120ರ ವೇಗದಲ್ಲಿ ಮಿಡಿತಕ್ಕೆ ಮಿಡಿತಕ್ಕೆ ಸುಮಾರು 20.8 ಮಿಲಿಸೆಕೆಂಡ್. ಸ್ಟಾರ್ಟ್ ಸಂದೇಶ ಬಂದ ಮೇಲೆ ಬರುವ ಮೊದಲ ಮಿಡಿತವೇ ಸಮ. ಸ್ಟಾರ್ಟನ್ನೇ ಒಂದು ಮಿಡಿತ ಎಂದು ಎಣಿಸಿದರೆ ಎಲ್ಲವೂ ಅಷ್ಟು ಪಕ್ಕಕ್ಕೆ ಸರಿದು ಕೂರುತ್ತದೆ.

ಕೊನೆಯದು ನಮ್ಮ ಸಂಗೀತ ನುಡಿಸುವವರಿಗೆ. ಮಿಶ್ರ ಛಾಪು ಲೂಪ್ ಮಾಡಿದೆ. ನುಡಿಸಿದ್ದು ಸರಿ, ಒತ್ತಿದ್ದು ಸರಿ. ಪ್ಲೇ ಆಗುವಾಗ ಪ್ರತಿ ಆವರ್ತದ ಕೊನೆಗೆ ಒಂದು ಅಕ್ಷರದ ಮೌನ. ಏಳು ಎಂಟಾಗಿತ್ತು. ಲೂಪರ್ ಕೋಡ್ ಉದ್ದವನ್ನು ಪಾಶ್ಚಾತ್ಯ ನಾಲ್ಕು ಏಟಿನ ಬಾರ್‌ಗೆ, ಅಂದರೆ 96 ಮಿಡಿತಕ್ಕೆ ಏರಿಸಿ ಕೂರಿಸುತ್ತಿತ್ತು. ಅಕ್ಷರಕ್ಕೆ 12 ಮಿಡಿತ ಇಟ್ಟರೆ ಮಿಶ್ರ ಛಾಪು 84. ಬಾಕಿ 12 ಮಿಡಿತವೇ ಆ ಮೌನ. ಖಂಡ ಛಾಪು 60 ಮಿಡಿತ, ಅದಕ್ಕೆ ಮೂರು ಅಕ್ಷರ ಖಾಲಿ ಬರುತ್ತದೆ. ಕ್ಲಾಕ್‌ನ ತಪ್ಪಲ್ಲ. ಅದು ಮಿಡಿತ ಮಾತ್ರ ಕಳಿಸುತ್ತದೆ, ತಾಳ ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಹಾಗಾಗಿ 96 ಎಂಬುದನ್ನು ಕೋಡ್‌ನಿಂದ ಕಿತ್ತು, ಆವರ್ತದ ಮಿಡಿತಗಳು ಎಂಬ ವೇರಿಯಬಲ್ ಹಾಕಿದೆ. ಪೆಡಲ್‌ನ ನಾಲ್ಕು ಪ್ರೋಗ್ರಾಂ ಚೇಂಜ್ ಸ್ವಿಚ್‌ಗಳನ್ನು ಅದಕ್ಕೇ ಕೊಟ್ಟೆ: ಎಂಟು ಅಕ್ಷರದ ಆದಿಗೆ 96, ರೂಪಕಕ್ಕೆ 72, ಮಿಶ್ರ ಛಾಪಿಗೆ 84, ಖಂಡ ಛಾಪಿಗೆ 60. ಈಗ ನುಡಿಸುವ ಮೊದಲು ಕಾಲಿನಿಂದ ತಾಳ ಆರಿಸಿಕೊಳ್ಳುತ್ತೇನೆ, ಲ್ಯಾಪ್‌ಟಾಪ್ ಇಲ್ಲದೆ, ಬರೀ ಅಡಾಪ್ಟರ್ ಮೇಲೆ.